ಮಾವ ಬಿಚ್ಚದ ಬೈಕಿಲ್ಲ

ನನ್ನ ಮಾವನವರ ಬಗ್ಗೆ ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಅವರು ಇದುವರೆಗೆ ಒಂದೇ ಒಂದು ಬೈಕನ್ನೂ ಕೆಡಿಸಿದವರಲ್ಲ. ಬಿಚ್ಚಿದ್ದಾರೆ, ಅಷ್ಟೆ. ಬಿಚ್ಚಿದ್ದನ್ನು ಮತ್ತೆ ಜೋಡಿಸಬೇಕೆಂಬ ಉದ್ದೇಶವೂ ಅವರಿಗೆ ಪ್ರತಿ ಸಲ ಪ್ರಾಮಾಣಿಕವಾಗಿಯೇ ಇರುತ್ತದೆ. ಆದರೆ ಬರೀ ಉದ್ದೇಶದಿಂದ ಚಕ್ರ ತಿರುಗುತ್ತದೆಯೇ? ನಾನು ಜಾವಳಿ ಕಡೆಯ ಒಂದು ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು. ಮೂಡಿಗೆರೆಯ ಬಾಡಿಗೆ ಮನೆಯಿಂದ ಹೊರಟು ಪ್ರಾರ್ಥನೆಯ ಗಂಟೆಗೆ ಮುಂಚೆ ಶಾಲೆ ಸೇರಬೇಕು. ಬದುಕಿನಲ್ಲಿ ನಾನು ದೇವರನ್ನು ಬೇಡಿಕೊಂಡದ್ದು ಒಂದೇ: ಸೋಮವಾರ ಬೆಳಿಗ್ಗೆ ನನ್ನ ಬೈಕು ಇಡಿಯಾಗಿ, ಒಂದೇ ಜಾಗದಲ್ಲಿ ಇರಲಿ. ಚಕ್ರ ನಮ್ಮ ಮನೆಯಲ್ಲಿ, ಕಾರ್ಬುರೇಟರ್ ಮಾವನ ಜಗಲಿಯಲ್ಲಿ, ಕ್ಲಚ್ ಪ್ಲೇಟು ಅತ್ತೆಯ ಅಡುಗೆಮನೆಯ ಕಿಟಕಿಯಲ್ಲಿ, ಹೀಗೆ ಹಂಚಿಹೋಗಿರುವುದು ಬೇಡ.

ಇದರ ಸೂಚನೆ ನನಗೆ ಹೆಣ್ಣು ನೋಡಲು ಹೋದ ದಿನವೇ ಸಿಕ್ಕಿತ್ತು. ತೊಂಬತ್ತರ ದಶಕದ ಶುರು. ನನ್ನ ಟೂ ಸ್ಟ್ರೋಕ್ ಬೈಕಿನ ಹಿಂದೆ ದೊಡ್ಡಪ್ಪನನ್ನು ಕೂರಿಸಿಕೊಂಡು ಚಿಕ್ಕಮಗಳೂರಿನಿಂದ ಹೋಗಿದ್ದೆ. ಹುಡುಗಿಯ ಮನೆ ಮೂಡಿಗೆರೆಯಿಂದ ಎರಡು ಮೈಲಿ, ಟಾರು ರಸ್ತೆಯ ಪಕ್ಕದಲ್ಲೇ. ಹಿಂದೆ ಐದಾರು ಎಕರೆ ಕಾಫಿ. ಹುಡುಗಿಯ ಅಪ್ಪ ಗೇಟಿನಲ್ಲಿ ಕಾಯುತ್ತ ನಿಂತಿದ್ದರು. ನಾನು ಅವರಿಗೆ ನಮಸ್ಕಾರ ಮಾಡಿದೆ, ಅವರು ಬೈಕನ್ನು ನೋಡಿದರು. ಸಂಬಳ ಎಷ್ಟು, ಜಮೀನು ಎಷ್ಟು, ಜಾತಕ ತಂದಿದ್ದೀರಾ, ಒಂದನ್ನೂ ಕೇಳಲಿಲ್ಲ. ಇಂಜಿನ್ ನಿಲ್ಲಿಸಬೇಡಿ ಎಂದು ಕೈಸನ್ನೆ ಮಾಡಿ, ಕಣ್ಣು ಮುಚ್ಚಿ, ತಲೆ ವಾಲಿಸಿ ಸ್ವಲ್ಪ ಹೊತ್ತು ಆಲಿಸಿದರು.

"ಕೆಮ್ಮು ಇದೆ ಮಾರಾಯ್ರೇ. ಸೈಲೆನ್ಸರ್ ಯಾವಾಗ ಬಿಚ್ಚಿಸಿದ್ದು?" ಎಂದರು.

ಇದು ವರಪರೀಕ್ಷೆಯ ಭಾಗ ಇರಬೇಕೆಂದುಕೊಂಡು ನಾನು, ನೆನಪಿಲ್ಲ ಎಂದು ಸತ್ಯವನ್ನೇ ಹೇಳಿದೆ. ಹಾಗೆ ಹೇಳಬಾರದಿತ್ತು. ಒಳಗೆ ಕೂತು ಉಪ್ಪಿಟ್ಟು ತಿಂದು, ಹುಡುಗಿ ಕಾಫಿ ತಂದಾಗ ತಲೆ ಎತ್ತಿ ನೋಡಬೇಕೋ ಬೇಡವೋ ಎಂದು ಯೋಚಿಸುತ್ತಿರುವಾಗ ಅಂಗಳದಿಂದ ಠಣ್ ಎಂದು ಶಬ್ದ ಬಂತು. ಓಡಿ ಬಂದು ನೋಡಿದರೆ ಸೈಲೆನ್ಸರ್ ಒಂದು ಕಡೆ, ಇಂಜಿನ್ನಿನ ತಲೆ ಒಂದು ಕಡೆ! ಬಿಚ್ಚುವಾಗ ಗ್ಯಾಸ್ಕೆಟ್ ಹರಿದಿದೆ, ಚಿಕ್ಕಮಗಳೂರಿನಿಂದ ತರಿಸಬೇಕು, ನಾಳೆ ಭಾನುವಾರ, ಅಂಗಡಿ ಇರುವುದಿಲ್ಲ, ನಾಡಿದ್ದು ನೋಡೋಣ ಎಂದರು ಹುಡುಗಿಯ ಅಪ್ಪ. ಬೇರೆ ಗಂಡುಗಳು ಹುಡುಗಿಯನ್ನು ಹತ್ತು ನಿಮಿಷ ನೋಡಿ ಹೋಗುತ್ತಾರೆ. ನಾನು ಎರಡು ದಿನ ನೋಡಿದೆ. ಬಸ್ಸಿನಲ್ಲಿ ಹೋಗಬಹುದಿತ್ತಲ್ಲ ಎಂದು ನೀವು ಕೇಳಬಹುದು. ಅಂಥ ಬೈಕನ್ನು ಅಂಥವರ ಕೈಯಲ್ಲಿ ಬಿಟ್ಟು ಹೋಗುವ ಧೈರ್ಯ ನನಗಿರಲಿಲ್ಲ. ಎರಡನೆಯ ದಿನ ದೊಡ್ಡಪ್ಪ ನನ್ನನ್ನು ತೋಟದ ಕಡೆ ಕರೆದುಕೊಂಡು ಹೋಗಿ ಹೇಳಿದರು: "ನೋಡು, ಬೇಡ ಅಂದ್ರೆ ಬೈಕು ವಾಪಸ್ ಸಿಗೋದು ಅನುಮಾನ. ಹುಡುಗಿ ಚೆನ್ನಾಗಿದಾಳೆ, ಒಪ್ಕೊಂಡುಬಿಡು." ಒಪ್ಪಿಕೊಂಡೆ. ಹುಡುಗಿ ನಿಜಕ್ಕೂ ಚೆನ್ನಾಗಿದ್ದಳು. ಬೈಕು ಮಾತ್ರ ಆಮೇಲೆ ಎಂದೂ ಮೊದಲಿನ ಹಾಗೆ ಆಗಲಿಲ್ಲ.

ಮಾವನವರು ಮೆಕ್ಯಾನಿಕ್ ಅಲ್ಲ. ಯಾವ ಗ್ಯಾರೇಜಿನಲ್ಲೂ ಕೆಲಸ ಕಲಿತವರಲ್ಲ. ಇದ್ದ ತೋಟವನ್ನು ಅತ್ತೆಗೆ ವಹಿಸಿ, ಊರವರ ಬೈಕುಗಳ ಜವಾಬ್ದಾರಿಯನ್ನು ತಾವು ವಹಿಸಿಕೊಂಡವರು. ನಮ್ಮ ಗಿಡಕ್ಕೆ ಕಾಂಡಕೊರಕ ಬಿದ್ದರೆ ಇವರಿಗೆ ಕಾಣುವುದಿಲ್ಲ, ಪರರ ಬೈಕಿಗೆ ಗೂರಲು ಬಂದರೆ ಮಲಗಿದ್ದಲ್ಲೇ ಗೊತ್ತಾಗುತ್ತದೆ ಎಂದು ಅತ್ತೆ ಗೊಣಗುತ್ತಿದ್ದರು. ಅದು ನಿಜವೂ ಆಗಿತ್ತು. ತಿರುವಿನ ಆಚೆ ಎಲ್ಲೋ ಒಂದು ಬೈಕು ಗುರ್ರೆಂದರೆ ಸಾಕು, ಇವರು ಊಟದ ತಟ್ಟೆಯಿಂದ ತಲೆ ಎತ್ತದೆ, "ಪೋಸ್ಟ್‌ಮ್ಯಾನು. ಚೈನು ಸಡಿಲ" ಎನ್ನುತ್ತಿದ್ದರು. ಎರಡು ನಿಮಿಷಕ್ಕೆ ಸರಿಯಾಗಿ ಪೋಸ್ಟ್‌ಮ್ಯಾನು ಗೇಟಿನಲ್ಲಿ ಪ್ರತ್ಯಕ್ಷ, ಚೈನು ಜೋತಾಡುತ್ತಿರುತ್ತಿತ್ತು.

ಈ ಕಿವಿಯ ಖ್ಯಾತಿಯಿಂದಾಗಿಯೇ ಪ್ರತಿ ಭಾನುವಾರ ಅವರ ಜಗಲಿಯಲ್ಲಿ ಸಭೆ ಸೇರುತ್ತಿತ್ತು. ಪೋಸ್ಟ್‌ಮ್ಯಾನು, ಪಕ್ಕದ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರು, ಪೇಟೆಯ ಗೊಬ್ಬರದ ಅಂಗಡಿಯವರು, ಇವರು ಕಾಯಂ ಸದಸ್ಯರು. ಚರ್ಚೆಯ ವಿಷಯಗಳೂ ಕಾಯಂ. ಯಾವ ಬಂಕಿನ ಪೆಟ್ರೋಲು ಒಳ್ಳೆಯದು? ಇಳಿಜಾರಿನಲ್ಲಿ ನ್ಯೂಟ್ರಲ್ ಹಾಕಬಹುದೇ? ಮಳೆಗಾಲದಲ್ಲಿ ಪ್ಲಗ್ಗನ್ನು ಒಲೆಯ ಮೇಲೆ ಒಣಗಿಸಬೇಕೋ ಬೂದಿಯಲ್ಲಿಯೋ? ಆಮೇಲೆ ಮೈಲೇಜು! ಮೈಲೇಜಿನ ವಿಷಯದಲ್ಲಿ ನಿಜ ಹೇಳಿದ ಬೈಕಿನವನನ್ನು ನಾನಿನ್ನೂ ಕಂಡಿಲ್ಲ. ರೈಟರ ಲೆಕ್ಕ ಕೇಳಿದರೆ ಅವರ ಬೈಕು ಪೆಟ್ರೋಲಿನ ವಾಸನೆಯ ಮೇಲೆಯೇ ಓಡುತ್ತಿತ್ತು. ಎಲ್ಲ ಮುಗಿದ ಮೇಲೆ ಒಬ್ಬೊಬ್ಬರೂ ತಮ್ಮ ಬೈಕು ಸ್ಟಾರ್ಟ್ ಮಾಡುವುದು, ಮಾವ ಕಣ್ಣು ಮುಚ್ಚಿ ಕೇಳಿ ತೀರ್ಪು ಕೊಡುವುದು. ಆ ಹೊತ್ತಿನಲ್ಲಿ ಅವರ ಮುಖ ನೋಡಬೇಕಿತ್ತು. ವಾರದ ಆರು ದಿನವನ್ನು ಅವರು ಹೇಗೋ ನೂಕುತ್ತಿದ್ದುದೇ ಆ ಭಾನುವಾರಕ್ಕಾಗಿ ಎಂದು ನನಗೆ ಆಗಲೂ ಗೊತ್ತಿತ್ತು. ಗೊತ್ತಿದ್ದರೂ ಹೊಟ್ಟೆ ಉರಿಯುತ್ತಿತ್ತು. ಪರರ ಬೈಕಿಗೆ ಬರೀ ತೀರ್ಪು, ಅಳಿಯನ ಬೈಕಿಗೆ ಮಾತ್ರ ಸ್ಪ್ಯಾನರು!

ಅವರೊಡನೆ ಪ್ರಯಾಣ ಮಾಡುವುದಂತೂ ಬೇಡವೇ ಬೇಡ. ನಮ್ಮ ಕಡೆ ರಸ್ತೆಯಲ್ಲಿ ನಿಂತ ಬೈಕನ್ನು ಕಂಡು ಸುಮ್ಮನೆ ದಾಟಿಹೋಗುವ ಪದ್ಧತಿ ಇಲ್ಲ, ಏನಾಯಿತೆಂದು ಒಂದು ಮಾತು ಕೇಳಬೇಕು. ಒಳ್ಳೆಯ ಪದ್ಧತಿ. ಆದರೆ ಮಾವ ಕೇಳಿ ಬಿಡುವವರಲ್ಲ, ಇಳಿಯುವವರು. ಒಂದು ಸಲ ಸಂಸೆಯಲ್ಲಿ ಮದುವೆ, ಇಬ್ಬರೂ ನನ್ನ ಬೈಕಿನಲ್ಲಿ ಹೊರಟೆವು. ಕೊಟ್ಟಿಗೆಹಾರ ದಾಟಿದ ಮೇಲೆ ಒಂದು ಬೈಕು ನಿಂತಿತ್ತು. ಸವಾರ ಕಾಣಲಿಲ್ಲ. ಮಾವ ಇಳಿದು, ಪ್ಲಗ್ ಬಿಚ್ಚಿ, ಊದಿ, ತಮ್ಮ ಪಂಚೆಯ ಅಂಚಿನಲ್ಲಿ ಒರೆಸುತ್ತಿರುವಾಗ ಸವಾರ ಪೊದೆಯ ಹಿಂದಿನಿಂದ ಪ್ಯಾಂಟು ಸರಿಮಾಡಿಕೊಳ್ಳುತ್ತ ಬಂದ. ಪಾಪ, ಜಲಬಾಧೆಗೆ ನಿಲ್ಲಿಸಿದ್ದನಂತೆ! ಬೈಕಿಗೆ ಏನೂ ಆಗಿರಲಿಲ್ಲ. ಈಗ ಆಗಿತ್ತು. ಮೂವರೂ ಸೇರಿ ಏರಿನಲ್ಲಿ ಅದನ್ನು ಅರ್ಧ ಮೈಲಿ ತಳ್ಳಿದೆವು. ಮದುವೆಮನೆಗೆ ತಲುಪಿದಾಗ ಎಂಜಲೆಲೆ ಎತ್ತುತ್ತಿದ್ದರು. ಮಾವ ಮಾತ್ರ ಮದುಮಗನ ಕೈ ಕುಲುಕಿ, ಹೊರಗೆ ನಿಂತ ಕೆಂಪು ಬೈಕು ಯಾರದು ಎಂದು ವಿಚಾರಿಸುತ್ತಿದ್ದರು.

ಇಷ್ಟಾದರೂ ಸಹಿಸಿಕೊಂಡಿದ್ದೆ. ನನ್ನ ತಾಳ್ಮೆ ತಪ್ಪಿದ್ದು ಕಾಫಿ ಕಣದಲ್ಲಿ. ಕೊಯ್ಲು ಮುಗಿದು, ಹಣ್ಣಿನ ಸಿಪ್ಪೆ ಸುಲಿದು ತೊಳೆದ ಪಾರ್ಚ್‌ಮೆಂಟ್ ಒಣಗುತ್ತಿತ್ತು. ಕಣದ ಅಂಚಿನಲ್ಲಿ ಒಳ್ಳೆಯ ಬಿಸಿಲಿದೆಯೆಂದು ಮಾವ ನನ್ನ ಕಾರ್ಬುರೇಟರನ್ನು ತೊಳೆದು, ಅದರ ಭಾಗಗಳನ್ನು ಪೇಪರಿನ ಮೇಲೆ ಹರಡಿದ್ದರು. ಮಧ್ಯಾಹ್ನ ಇದ್ದಕ್ಕಿದ್ದಂತೆ ಮೋಡ ಕವಿಯಿತು. ಒಣಗಲು ಹಾಕಿದ ಕಾಫಿಯ ಮೇಲೆ ಒಂದು ಹನಿ ಬೀಳುತ್ತದೆಂದರೆ ನಮ್ಮ ಕಡೆ ಹೆಣ ಬಿಟ್ಟು ಬರುತ್ತಾರೆ. ಅತ್ತೆ, ನನ್ನ ಹೆಂಡತಿ, ಆಳುಗಳು ಎಲ್ಲ ಓಡಿ ಬಂದು ಕಾಫಿ ಬಳಿದು ರಾಶಿ ಮಾಡಿ ಟಾರ್ಪಾಲು ಎಳೆದರು. ಪೇಪರೂ ರಾಶಿಯೊಳಗೆ ಸೇರಿತು. ಕಡೆಗೆ ಎಲ್ಲ ಸಿಕ್ಕಿತು, ಪೈಲಟ್ ಜೆಟ್ ಒಂದನ್ನು ಬಿಟ್ಟು. ಅದೊಂದು ಪೆಟ್ರೋಲು ಹಾಯುವ ಹಿತ್ತಾಳೆಯ ಚೂರು, ಹೆಚ್ಚುಕಡಿಮೆ ಕಾಫಿ ಬೀಜದಷ್ಟೇ ದೊಡ್ಡದು. ಇಡೀ ಮನೆ ಎರಡು ದಿನ ಮೊರ ಹಿಡಿದು ಕೇರಿತು. ಹೋದ ವರ್ಷ ಕಳೆದ ಕೀಲಿಕೈ ಸಿಕ್ಕಿತು, ಮೂರು ಗುಂಡಿ ಸಿಕ್ಕವು, ಜೆಟ್ ಸಿಗಲಿಲ್ಲ. ಆ ಮಾದರಿಯದು ಪೇಟೆಯಲ್ಲೂ ಇರಲಿಲ್ಲ. ನಾನು ಒಂದು ತಿಂಗಳು ಬಸ್ಸಿನಲ್ಲಿ ನೇತಾಡಿಕೊಂಡು ಶಾಲೆಗೆ ಹೋಗಿ, ತಡವಾದದ್ದಕ್ಕೆ ಹೆಡ್‌ಮಾಸ್ಟರಿಗೆ ದಿನಾ ಒಂದು ಹೊಸ ಕಾರಣ ಹೇಳಿದೆ. ನಿಜವಾದ ಕಾರಣ ಹೇಳಿದ್ದರೆ ಅವರು ನಂಬುತ್ತಿದ್ದರೇ?

ಆಮೇಲೆ ಒಂದು ಭಾನುವಾರ, ನಮ್ಮ ಕಾಫಿ ಹಸನಾಗಲು ಹೋಗುವ ಚಿಕ್ಕಮಗಳೂರಿನ ಕ್ಯೂರಿಂಗ್ ವರ್ಕ್ಸಿನಲ್ಲಿ ತೂಕ ಬರೆಯುವವರೊಬ್ಬರು, ಅವರೂ ಬೈಕಿನ ಹುಚ್ಚಿನವರೇ, ಜಗಲಿಗೆ ಬಂದು ಕಾಗದದ ಪೊಟ್ಟಣ ಬಿಚ್ಚಿದರು. ಒಳಗೆ ನನ್ನ ಪೈಲಟ್ ಜೆಟ್! "ನಿಮ್ಮನೇದೇ ಇರಬೇಕು ಅಂದ್ಕೊಂಡೆ. ಕಾಫಿ ಜೊತೆ ಜೆಟ್ ಬೆಳೆಯೋರು ಈ ಜಿಲ್ಲೇಲಿ ಬೇರೆ ಯಾರಿದಾರೆ?" ಎಂದರು. ಜಗಲಿಗೆ ಜಗಲಿಯೇ ನಕ್ಕಿತು. ನಾನು ನಗಲಿಲ್ಲ.

ಅವತ್ತೇ ನಿರ್ಧಾರ ಮಾಡಿದೆ. ಅದನ್ನು ನಡೆಸಲು ಕೆಲವು ವರ್ಷ ಹಿಡಿದವೆನ್ನಿ. ಆ ಹೊತ್ತಿಗೆ ನಮ್ಮ ಕಡೆಯೂ ಫೋರ್ ಸ್ಟ್ರೋಕ್ ಬೈಕುಗಳು ಹೆಚ್ಚಾಗಿದ್ದವು. ಹೊಗೆ ಇಲ್ಲ, ಗಲಾಟೆ ಇಲ್ಲ, ಎಣ್ಣೆ ಬೆರೆಸುವ ರಗಳೆ ಇಲ್ಲ. ಒಂದನ್ನು ಕೊಂಡೆ. ಎಲ್ಲಕ್ಕಿಂತ ನನಗೆ ಹಿಡಿಸಿದ್ದು ಅದರ ವಾರಂಟಿ ಪುಸ್ತಕ. ಷೋರೂಮಿನವರನ್ನು ಬಿಟ್ಟು ಬೇರೆಯವರು ಇಂಜಿನ್ ಮುಟ್ಟಿದರೆ ವಾರಂಟಿ ರದ್ದು ಎಂದು ಅದರಲ್ಲಿ ಅಚ್ಚು ಹಾಕಿದ್ದರು. ಆ ಪುಟವನ್ನು ಭಾನುವಾರದ ಸಭೆಯಲ್ಲಿ ಮಾವನ ಮುಂದೆ ಪಾಠ ಓದುವ ಧ್ವನಿಯಲ್ಲಿ ಎರಡು ಸಲ ಓದಿದೆ. ಮಾವ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಬೈಕಿಗೆ ಒಂದು ಸುತ್ತು ಬಂದರು.

"ಸರಿ, ಸ್ಟಾರ್ಟ್ ಮಾಡಿ ನೋಡೋಣ" ಎಂದರು.

"ಮಾವ, ಸ್ಟಾರ್ಟಾಗೇ ಇದೆ" ಎಂದೆ.

ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಫೋರ್ ಸ್ಟ್ರೋಕನ್ನು ಇಷ್ಟು ಚೆನ್ನಾಗಿ ಯಾರೂ ಗೇಲಿ ಮಾಡಿರಲಿಲ್ಲ ಎಂದು ರೈಟರು ಪೇಟೆಯೆಲ್ಲ ಹೇಳಿಕೊಂಡು ಬಂದರು. ಮಾವನೂ ನಕ್ಕರು. ಬೈಕನ್ನು ಮಾತ್ರ ಮುಟ್ಟಲಿಲ್ಲ. ಆಮೇಲೆಯೂ ಮುಟ್ಟಲಿಲ್ಲ. ನನ್ನ ಸೋಮವಾರಗಳು ಕೊನೆಗೂ ನನ್ನವಾದವು. ಒಂದೊಂದಾಗಿ ರೈಟರೂ ಗೊಬ್ಬರದ ಅಂಗಡಿಯವರೂ ಅಂಥದೇ ಬೈಕು ಕೊಂಡರು. ಏನೂ ಕೆಡದ ಬೈಕಿಗೆ ತೀರ್ಪು ಯಾಕೆ? ಕೆಲವು ಭಾನುವಾರ ಜಗಲಿಗೆ ಪೋಸ್ಟ್‌ಮ್ಯಾನು ಒಬ್ಬನೇ ಬರುತ್ತಿದ್ದ.

ಒಂದೂವರೆ ವರ್ಷದ ಮೇಲೆ ನನ್ನ ಬೈಕಿನ ಇಂಜಿನ್ನಿನಲ್ಲಿ ಟಿಕ್ ಟಿಕ್ ಎಂಬ ಸಣ್ಣ ಸದ್ದು ಶುರುವಾಯಿತು. ಷೋರೂಮಿನಲ್ಲಿ ಕೇಳಿದರೆ, ಎಲ್ಲ ಬೈಕೂ ಹೀಗೇ ಸಾರ್ ಎಂದರು. ನನಗೆ ಸದ್ದಿಗಿಂತ ಮಾವನ ಕಿವಿಯದೇ ಹೆದರಿಕೆ. ಅವರ ಮನೆಗೆ ಹೋಗುವಾಗ ತಿರುವಿನಲ್ಲೇ ಇಂಜಿನ್ ಆಫ್ ಮಾಡಿ, ಇಳಿಜಾರಿನಲ್ಲಿ ಕಳ್ಳನ ಹಾಗೆ ಜಾರಿಕೊಂಡು ಹೋಗಿ ಗೇಟಿನ ಹೊರಗೇ ನಿಲ್ಲಿಸುತ್ತಿದ್ದೆ. ಮೂರು ತಿಂಗಳು ಹೀಗೇ ನಡೆಯಿತು. ಸಿಕ್ಕಿಬೀಳಲಿಲ್ಲ, ನನ್ನ ಜಾಣತನವನ್ನು ನಾನೇ ಮೆಚ್ಚಿಕೊಂಡೆ.

ಒಂದು ದಿನ ಹಾಗೆಯೇ ಜಾರಿಕೊಂಡು ಬಂದು ನಿಲ್ಲಿಸಿದೆ. ಮಾವ ರಸ್ತೆಗೆ ಬೆನ್ನು ಹಾಕಿ ಗೇಟಿನ ಬಳಿ ದಾಸವಾಳದ ಗಿಡ ಕತ್ತರಿಸುತ್ತಿದ್ದರು. ನನ್ನ ಹಿಂದೆಯೇ ಪೋಸ್ಟ್‌ಮ್ಯಾನು ತನ್ನ ಹಳೆಯ ಟೂ ಸ್ಟ್ರೋಕಿನಲ್ಲಿ ಬಂದ. ಅದರ ಸದ್ದು ಮೂಡಿಗೆರೆ ಪೇಟೆಗೇ ಕೇಳಿಸುವಂಥದು. ಅವನು ಮಾವನ ಬೆನ್ನಿನ ಹಿಂದೆ, ನಾಲ್ಕು ಅಡಿ ದೂರದಲ್ಲಿ ಬೈಕು ನಿಲ್ಲಿಸಿ ಹಾರ್ನ್ ಹೊಡೆದ. ಮಾವ ಗಿಡ ಕತ್ತರಿಸುತ್ತಲೇ ಇದ್ದರು. ಇನ್ನೊಮ್ಮೆ ಹೊಡೆದ. ಮಾವ ಸೊಪ್ಪು ಎತ್ತಲು ತಿರುಗಿದವರು ಅವನನ್ನು ಕಂಡು ಬೆಚ್ಚಿಬಿದ್ದರು. ಕೂಡಲೇ ಸಾವರಿಸಿಕೊಂಡು, ಬೈಕಿನ ಟ್ಯಾಂಕಿನ ಮೇಲೆ ಅಂಗೈ ಇಟ್ಟು, ಕಣ್ಣು ಮುಚ್ಚಿ, ಚೈನು ಸಡಿಲ ಎಂದರು. ಅವನ ಚೈನು ಯಾವಾಗಲೂ ಸಡಿಲವೇ. ಅವನು ತಲೆಯಾಡಿಸಿ ಹೋದ.

ನಾನು ನೇರ ಅಡುಗೆಮನೆಗೆ ಹೋಗಿ ಅತ್ತೆಯನ್ನು ಕೇಳಿದೆ. ಅವರು ಒಲೆಯ ಉರಿ ತಗ್ಗಿಸಿ ಅಂಗಳದ ಕಡೆ ಒಮ್ಮೆ ನೋಡಿದರು.

"ಎರಡು ವರ್ಷ ಆಯ್ತು. ಹತ್ತಿರ ನಿಂತು ಮಾತಾಡಿದ್ರೆ ಕೇಳ್ತದೆ, ತುಟಿ ನೋಡಿ ಹೇಗೋ ಸುಧಾರಿಸ್ತಾರೆ. ಗಾಡಿ ಸದ್ದು ಒಂದೂ ಕೇಳಲ್ಲ. ಯಾರಿಗೂ ಹೇಳ್ಬೇಡ ಅಂದಿದಾರೆ. ಕಿವಿ ಹೋಗಿದೆ ಅಂತ ಗೊತ್ತಾದ್ರೆ ಗಾಡಿ ಯಾರು ತರ್ತಾರೆ ಅಂತ."

ನನಗೆ ಅಳು ಬಂತು. ಹತ್ತು ವರ್ಷ ಈ ಮನುಷ್ಯನ ಮೇಲೆ ಹಲ್ಲು ಕಡಿದಿದ್ದೆ, ಅವರ ಕಿವಿಗೆ ಹೆದರಿ ಕದ್ದು ಓಡಾಡಿದ್ದೆ. ಅವತ್ತು ಹೊಸ ಬೈಕನ್ನು ಸ್ಟಾರ್ಟ್ ಮಾಡಿ ಎಂದು ಅವರು ಹೇಳಿದ್ದು ಗೇಲಿಯಲ್ಲ. ಇಂಜಿನ್ ಓಡುತ್ತಿದೆ ಎಂದು ಗೊತ್ತಾದ ಗಳಿಗೆಯಲ್ಲಿ, ಎಲ್ಲರ ಎದುರಿಗೆ, ಅವರಿಗೆ ಹೇಗಾಗಿರಬೇಕು? ನಮ್ಮ ಜೊತೆ ಅವರೂ ನಕ್ಕಿದ್ದರಲ್ಲ.

ಹೊರಗೆ ಬಂದು ಗೇಟು ತೆಗೆದು ಬೈಕನ್ನು ಅಂಗಳಕ್ಕೆ ತಂದು ಸ್ಟ್ಯಾಂಡ್ ಹಾಕಿದೆ. ಮಾವನ ಹತ್ತಿರ ಹೋಗಿ, ಇಂಜಿನ್ನಿನಲ್ಲಿ ಏನೋ ಸದ್ದಿದೆ, ಬಿಚ್ಚಿ ನೋಡಬೇಕು ಎಂದೆ. ಅವರು ನನ್ನ ಮುಖ ನೋಡಿದರು, ಅಡುಗೆಮನೆಯ ಬಾಗಿಲಲ್ಲಿ ನಿಂತ ಅತ್ತೆಯನ್ನು ನೋಡಿದರು. ಅವರಿಗೆ ಅರ್ಥವಾಯಿತು.

"ವಾರಂಟಿ ಹೋಗ್ತದೆ ಮಾರಾಯ್ರೇ" ಎಂದರು.

"ಹೋಗ್ಲಿ ಬಿಡಿ."

ಅವರು ಸ್ಪ್ಯಾನರಿನ ಪೆಟ್ಟಿಗೆ ತಂದು ಬೈಕಿನ ಪಕ್ಕ ಕುಕ್ಕರಗಾಲಲ್ಲಿ ಕೂತರು. ಕತ್ತು ಬಗ್ಗಿಸಿಕೊಂಡು, ತಗ್ಗಿದ ದನಿಯಲ್ಲಿ, "ಯಾವ ಥರ ಸದ್ದು?" ಎಂದು ಕೇಳಿದರು.

ನಾನು ಪಕ್ಕದಲ್ಲಿ ಕೂತು, ಅವರ ಕಿವಿಗೆ ಬಾಯಿ ಹಚ್ಚಿ, ಟಿಕ್ ಟಿಕ್ ಟಿಕ್ ಎಂದೆ. ಸಾಲದು, ಇನ್ನೂ ಜೋರು ಎಂದು ಕೈಯಾಡಿಸಿದರು. ನಾನು ಜೋರಾಗಿ ಟಿಕ್ಕೆಂದೆ. ಸದ್ದು ಮೇಲಿಂದ ಬರುತ್ತದೋ ಪಕ್ಕದಿಂದಲೋ, ಬಿಸಿಯಾದ ಮೇಲೆ ಕಮ್ಮಿಯಾಗುತ್ತದೋ, ಎಳೆಯುತ್ತದೋ ಕಡಿಯುತ್ತದೋ, ಒಂದೊಂದನ್ನೇ ಕೇಳಿದರು. ಒಂದೊಂದಕ್ಕೂ ನಾನು ಸದ್ದು ಮಾಡಿ ತೋರಿಸಿದೆ. ನನ್ನ ಹೆಂಡತಿಯ ತವರಿನ ಅಂಗಳದಲ್ಲಿ, ರಸ್ತೆಯಲ್ಲಿ ಹೋಗುವವರು ನಿಂತು ನೋಡುವ ಹಾಗೆ! ನಿಂತವರಲ್ಲಿ ನನ್ನ ಶಾಲೆಯ ಮಕ್ಕಳ ಅಪ್ಪಂದಿರೂ ಇದ್ದರು. ಮಾವ ಕಣ್ಣು ಮುಚ್ಚಿದ್ದರು. ತಲೆ ನನ್ನ ಕಡೆಗೆ ವಾಲಿತ್ತು.

"ಟ್ಯಾಪೆಟ್ ಇರಬಹುದು. ಇನ್ನೊಂದ್ಸಲ ಮಾಡಿ. ಈ ಸಲ ಸ್ವಲ್ಪ ರೇಸ್ ಮಾಡಿ" ಎಂದರು.

ನಾನು ಗಂಟಲು ಸರಿಮಾಡಿಕೊಂಡು ರೇಸ್ ಮಾಡಿದೆ.