ಗುರುಸಿದ್ದಪ್ಪ ಮೇಷ್ಟ್ರ ಮೊಸರು ಪ್ರಶ್ನೆಗಳು

ಸುಮ್ಮನೆ ಕೂರುವುದೂ ಒಂದು ವಿದ್ಯೆ. ಆ ವಿದ್ಯೆ ನನಗೆ ಒಲಿಯಲಿಲ್ಲ. ಬಸ್ ಸ್ಟಾಪಿನಲ್ಲಿ ಬೆಂಚು ಖಾಲಿ ಇದ್ದರೂ ನಾನು ರಸ್ತೆಗಿಳಿದು ಕತ್ತು ಚಾಚಿ ನಿಲ್ಲುವವನು. ನಾನು ನೋಡುತ್ತಿದ್ದರೆ ಬಸ್ಸು ಬೇಗ ಬರುತ್ತದೆ ಎಂಬ ನಂಬಿಕೆ. ಮದುವೆ ಮನೆಗೆ ಹೋದರೆ ಬಡಿಸುವವರ ಹಿಂದೆ ಓಡಾಡಿ, ಕೊನೆಯ ಸಾಲಿನವರಿಗೆ ಪಲ್ಯ ಸಾಕಾಗುತ್ತದೋ ಇಲ್ಲವೋ ನೋಡಿಬರುತ್ತೇನೆ, ಮದುವೆ ನಮ್ಮ ಕಡೆಯವರದಲ್ಲದಿದ್ದರೂ. ಪುಣ್ಯಕ್ಕೆ ಪೀಣ್ಯದ ಒಂದು ಕಾರ್ಖಾನೆಯವರು ನನ್ನ ಈ ಚಾಳಿಗೆ ಸಂಬಳ ಕೊಡುತ್ತಾರೆ. ನಟ್ಟು ಬೋಲ್ಟು ತಯಾರಿಸುವ ಆ ಕಾರ್ಖಾನೆಯಲ್ಲಿ ನಾನು ಕ್ವಾಲಿಟಿ ವಿಭಾಗದವನು. ಬೇರೆಯವರು ಮಾಡಿಟ್ಟದ್ದನ್ನು ಎತ್ತಿ, ತಿರುಗಿಸಿ, ಅಳೆದು, ‘ಇದ್ಯಾಕೆ ಹೀಗಾಯಿತು’ ಎಂದು ಕೇಳುವುದೇ ನನ್ನ ಕೆಲಸ. ತೊಂದರೆ ಏನೆಂದರೆ, ಸಂಜೆ ರಾಜಗೋಪಾಲನಗರದ ಮನೆಗೆ ಬಂದ ಮೇಲೂ ಈ ಕೈ ಸುಮ್ಮನಿರುವುದಿಲ್ಲ. ಗೀಸರ್ ಆರಿಸಿದ್ದಾರೋ ನೋಡಬೇಕು, ಗ್ಯಾಸ್ ಸಿಲಿಂಡರನ್ನು ಅಲ್ಲಾಡಿಸಿ ಎಷ್ಟಿದೆ ಎಂದು ತಿಳಿಯಬೇಕು. “ನೀವು ಒಂದ್ ಕಡೆ ಕುಂದರ್ರಿ ನೋಡೋಣ. ನಿಮ್ಮನ್ನ ನೋಡಿದ್ರ ನನಗ ತಲಿ ತಿರಗತೈತಿ” ಎನ್ನುತ್ತಾಳೆ ರಾಣೆಬೆನ್ನೂರಿನವಳಾದ ನನ್ನ ಹೆಂಡತಿ ಶೈಲಾ.

ಇಂಥ ಮನೆಯಲ್ಲಿ ನಮ್ಮ ಮಗಳು ಸಿಂಚನ, ಏಳನೆಯ ತರಗತಿ, ವಿಜ್ಞಾನದ ಪ್ರಾಜೆಕ್ಟಿಗೆ ಮೊಸರನ್ನು ಆರಿಸಿಕೊಂಡಳು. ಮನೆಮನೆಗೆ ಬ್ರಾಡ್‌ಬ್ಯಾಂಡ್ ಬರುತ್ತಿದ್ದ ಕಾಲ ಅದು. ಅವರ ವಿಜ್ಞಾನದ ಮಿಸ್ಸು ತರಗತಿಗೊಂದು ಬ್ಲಾಗು ತೆರೆದು, ಪ್ರತಿಯೊಬ್ಬರೂ ಒಂದೊಂದು ಪ್ರಯೋಗ ಮಾಡಿ ವಾರಕ್ಕೊಮ್ಮೆ ಅದರಲ್ಲಿ ಬರೆಯಬೇಕು ಎಂದಿದ್ದರು. ಜೊತೆಗೆ ಒಂದು ಕಟ್ಟುನಿಟ್ಟಿನ ನಿಯಮ: ಓದುಗರು ಪ್ರಶ್ನೆ ಕೇಳಿದರೆ ಮಾಡಿ ನೋಡದೆ ಉತ್ತರ ಹೇಳುವಂತಿಲ್ಲ. ಚಳಿಗಾಲದಲ್ಲಿ ಮೊಸರು ಮನೆಯ ಯಾವ ಮೂಲೆಯಲ್ಲಿ ಬೇಗ ಹೆಪ್ಪುಗಟ್ಟುತ್ತದೆ ಎಂಬುದು ಸಿಂಚನಳ ಹುಡುಕಾಟ. ಅಕ್ಕಿ ಡಬ್ಬದೊಳಗೆ ಒಂದು ಬಟ್ಟಲು, ಕಿಟಕಿಯ ಪಕ್ಕ ಒಂದು, ಫ್ರಿಜ್ಜಿನ ತಲೆಯ ಮೇಲೆ ಒಂದು, ಬೆಚ್ಚಗಿರುವ ಯುಪಿಎಸ್ಸಿನ ಪಕ್ಕ ಇನ್ನೊಂದು.

ಹೆಪ್ಪು ಹಾಕಿದ ಪಾತ್ರೆಯನ್ನು ಅಲ್ಲಾಡಿಸಬಾರದು ಎನ್ನುವುದು ಎಲ್ಲರಿಗೂ ಗೊತ್ತು. ನನಗೂ ಗೊತ್ತು. ಆದರೆ ಒಳಗೆ ಏನೋ ಆಗುತ್ತಿದೆ, ಮೇಲೆ ಮುಚ್ಚಳ ಇದೆ ಎಂದರೆ ನಾನು ಹೇಗೆ ತಾನೇ ಟಿವಿ ನೋಡಿಕೊಂಡು ಕೂರಲಿ? ಎತ್ತಿದೆ, ಸ್ವಲ್ಪ ವಾಲಿಸಿದೆ, ಮುಚ್ಚಿದೆ. ಆಮೇಲೆ ಇನ್ನೊಮ್ಮೆ. ಆ ವಾರ ಬ್ಲಾಗಿನಲ್ಲಿ ಮಗಳು ಬರೆದಳು: ‘ಮೂರನೇ ಬಟ್ಟಲಿನ ಫಲಿತಾಂಶ ಲಭ್ಯವಿಲ್ಲ. ಕಾರಣ: ಅಪ್ಪ.’ ಮರುದಿನದಿಂದ ಎಲ್ಲ ಬಟ್ಟಲುಗಳ ಮೇಲೂ ‘ಅಪ್ಪ ಮುಟ್ಟಬಾರದು’ ಎಂಬ ಚೀಟಿ ಬಂತು. ನನ್ನ ಮನೆಯಲ್ಲೇ ನನಗೆ ಪ್ರವೇಶ ನಿಷೇಧವಾದ ಹಾಗಾಯಿತು.

ನನ್ನ ಕಳವಳಕ್ಕಿಂತ ದೊಡ್ಡ ಸಂಕಟ ಅವಳದಾಗಿತ್ತು. ಅಡಿಗೆ ಸೋಡಾ ಹಾಕಿ ಜ್ವಾಲಾಮುಖಿ ಉಕ್ಕಿಸಿದ ಸಹಪಾಠಿಯ ಬರಹದ ಕೆಳಗೆ ಅತ್ತೆ, ಚಿಕ್ಕಪ್ಪ, ಅವರ ಸ್ನೇಹಿತರೆಲ್ಲ ಸಾಲುಗಟ್ಟಿ ‘ಸೂಪರ್’ ಎಂದು ಬರೆದಿದ್ದರು. ಮೊಸರಿನ ಕೆಳಗೆ ಯಾರೂ ಇಲ್ಲ. ಶಾಲೆಯಿಂದ ಬಂದವಳು ಚೀಲವನ್ನೂ ಇಳಿಸದೆ ಕಂಪ್ಯೂಟರ್ ಹಚ್ಚುವಳು, ನೋಡುವಳು, ಆರಿಸುವಳು. “ಬಿಡಪ್ಪ, ಯಾರೂ ಓದಲ್ಲ. ಮೊಸರು ಬೋರು. ಮಿಸ್‌ಗೆ ಹೇಳಿ ನಾನೂ ಜ್ವಾಲಾಮುಖಿನೇ ಮಾಡ್ತೀನಿ” ಎಂದಳು ಒಂದು ದಿನ. “ನಾನು ಬರೀತೀನಿ ಬಿಡು” ಎಂದೆ. “ಅಪ್ಪಂದು ಲೆಕ್ಕಕ್ಕಿಲ್ಲ” ಎಂದುಬಿಟ್ಟಳು. ಬಟ್ಟಲಿಗೆ ಕೆನ್ನೆ ಒತ್ತಿ ಶಾಖ ನೋಡುತ್ತಿದ್ದ ಹುಡುಗಿ ಅದು. ಯಾರೋ ನಾಲ್ಕು ಜನ ‘ಸೂಪರ್’ ಎನ್ನಲಿಲ್ಲವೆಂದು ಆ ಕೆನ್ನೆ ಬಟ್ಟಲಿನಿಂದ ದೂರ ಸರಿಯುವುದು ನನಗೆ ಬೇಕಿರಲಿಲ್ಲ.

ಮರುದಿನ ಮಧ್ಯಾಹ್ನ, ಊಟದ ಬಿಡುವಿನಲ್ಲಿ, ಕಾರ್ಖಾನೆಯ ಕಂಪ್ಯೂಟರಿನ ಮುಂದೆ ತರೀಕೆರೆಯ ನಿವೃತ್ತ ಮೇಷ್ಟ್ರು ಗುರುಸಿದ್ದಪ್ಪನವರು ಜನಿಸಿದರು. ಒಂದೇ ಬೆರಳಿನಲ್ಲಿ ಕನ್ನಡ ಕುಟ್ಟುತ್ತ ಅವರು ಕೇಳಿದರು: ‘ಮಗು, ನಿನ್ನ ಪ್ರಯೋಗ ಬಹಳ ಹಿಡಿಸಿತು. ಎಲ್ಲ ಬಟ್ಟಲಿಗೂ ಒಂದೇ ಅಳತೆಯ ಹೆಪ್ಪು ಹಾಕಿದ್ದೀಯಾ? ಬ್ಯಾಚ್ ನಂಬರ್ ಬರೆದಿಟ್ಟಿದ್ದೀಯಾ? ರಿಜೆಕ್ಟ್ ಆದ ಮಾಲನ್ನು ಏನು ಮಾಡಿದೆ?’ ನಿವೃತ್ತ ಮೇಷ್ಟ್ರೊಬ್ಬರು ಹೀಗೆ ಮಾತನಾಡುವರೇ ಎಂಬ ಅನುಮಾನ ನನಗಂತೂ ಬರಲಿಲ್ಲ. ನನ್ನ ಪ್ರಕಾರ ಮನುಷ್ಯರೆಲ್ಲ ಮಾತನಾಡುವುದೇ ಹಾಗೆ.

ಸಂಜೆ ಮನೆಗೆ ಬಂದರೆ ಸಿಂಚನ ಕುಣಿಯುತ್ತಿದ್ದಳು. “ಅಪ್ಪಾ, ತರೀಕೆರೆಯಿಂದ ಓದಿದ್ದಾರೆ!” ಮಿಸ್ಸಿನ ನಿಯಮದಂತೆ ಮೇಷ್ಟ್ರ ಪ್ರತಿ ಪ್ರಶ್ನೆಗೂ ಹೊಸ ಬಟ್ಟಲುಗಳು ಹುಟ್ಟಿಕೊಂಡವು. ಹೆಪ್ಪು ಹೆಚ್ಚಾದರೆ? ಹಾಲು ಬಿಸಿ ಇದ್ದರೆ? ಮೆಣಸಿನಕಾಯಿ ತೊಟ್ಟು ಹಾಕಿದರೆ? ಮೇಷ್ಟ್ರಿಗೆ ಪ್ರಶ್ನೆ ಕೇಳುವ ಖುಷಿ, ನನಗೆ ಮೊಸರು ತಿನ್ನುವ ಶಿಕ್ಷೆ. ಬೆಳಿಗ್ಗೆ ರೊಟ್ಟಿಗೆ ಮೊಸರು, ಮಧ್ಯಾಹ್ನದ ಡಬ್ಬಿಗೆ ಮೊಸರನ್ನ, ರಾತ್ರಿ ಮಜ್ಜಿಗೆ ಹುಳಿ. ಹುಳಿಯಾದದ್ದು, ಲೋಳೆಯಾದದ್ದು, ನೀರೊಡೆದದ್ದು ಎಲ್ಲವೂ ನನ್ನ ತಟ್ಟೆಗೇ. “ಆ ಮಾಸ್ತರ ಮನ್ಯಾಗ ಹಾಲಿನ ಡೈರಿ ಐತೇನೋ, ನಮ್ಮ ಮನ್ಯಾಗಿಲ್ಲ” ಎಂದು ಶೈಲಾ ಗೊಣಗಿದಾಗ ನಾನು ತಲೆ ತಗ್ಗಿಸಿ ಇನ್ನೊಂದು ಸೌಟು ಬಡಿಸಿಕೊಂಡೆ.

ಹಾಗಿದ್ದರೂ ಮೇಷ್ಟ್ರನ್ನು ನಿಲ್ಲಿಸಲು ಮನಸ್ಸು ಬರಲಿಲ್ಲ. ಬರಬರುತ್ತ ಅವರ ಮೇಲೆ ನನಗೆ ಹೊಟ್ಟೆಕಿಚ್ಚೂ ಶುರುವಾಯಿತು. “ಮೇಷ್ಟ್ರು ಎಷ್ಟ್ ಚೆನ್ನಾಗಿ ಕೇಳ್ತಾರೆ ಗೊತ್ತಾ? ನೀನು ಬರೀ ಮುಚ್ಚಳ ತೆಗೀತೀಯ” ಎಂದಳು ಮಗಳು. ಇಲ್ಲದ ಮನುಷ್ಯನ ಮುಂದೆ ಸೋಲುವುದು ಬಹಳ ಕಷ್ಟ. ಅದಕ್ಕಿಂತ ದೊಡ್ಡದಾಗಿ ಒಂದು ಭಯ ಒಳಗೆ ಕೊರೆಯುತ್ತಿತ್ತು: ಅವಳ ಏಕೈಕ ಓದುಗ ಲೆಕ್ಕಕ್ಕಿಲ್ಲದ ಅಪ್ಪನೇ ಎಂದು ತಿಳಿದ ದಿನ ಈ ಕುಣಿತ ನಿಂತುಹೋದರೆ? ಶೌಚಾಲಯಕ್ಕೆ ಹೋದರೂ ಅದೇ ಯೋಚನೆ. ಚೆನ್ನಾಗಿದ್ದ ನಟ್ಟುಗಳನ್ನೆಲ್ಲ ರಿಜೆಕ್ಟ್ ಮಾಡಿ ಸೂಪರ್‌ವೈಸರನಿಂದ ಬೈಸಿಕೊಂಡೆ.

ಹೀಗಿರುವಾಗ ಒಂದು ಸಂಜೆ ಬಾಲ್ಕನಿಯಲ್ಲಿ ಸಿಂಚನ ನನ್ನ ಪಕ್ಕ ಬಂದು ನಿಂತು, “ಯುಪಿಎಸ್ ಹತ್ರ ಇಟ್ಟಿದ್ದ ಬಟ್ಟಲಿಗೆ ಇರುವೆ ಬಿದ್ಬಿಟ್ಟಿದೆ ಕಣಪ್ಪ” ಎಂದಳು. ಓಡಿಹೋಗಿ ನೋಡೋಣವೆಂದರೆ ನನಗೆ ಮುಟ್ಟುವ ಅಧಿಕಾರವಿಲ್ಲ. ರಾತ್ರಿಯೆಲ್ಲ ಆ ಇರುವೆಗಳು ನನ್ನ ಮೈಮೇಲೇ ಓಡಾಡಿದವು. ಮರುದಿನ ಊಟದ ಬಿಡುವು ಆಗುವುದೇ ತಡ, ಗುರುಸಿದ್ದಪ್ಪನವರು ಕುಟ್ಟಿದರು: ‘ಇರುವೆ ಬಿದ್ದ ಬಟ್ಟಲನ್ನು ಬೇರೆ ಇಟ್ಟೆಯಾ ಮಗು? ಇರುವೆ ಎಲ್ಲಿಂದ ಬಂತು? ಮೂಲ ಕಾರಣ ಹುಡುಕು.’ ಬರೆದು ಹಗುರಾಗಿ ಮೊಸರನ್ನದ ಡಬ್ಬಿ ತೆರೆದೆ.

ಆ ವಾರದ ಬ್ಲಾಗಿನಲ್ಲಿ ಮೊಸರೇ ಇರಲಿಲ್ಲ. ತಲೆಬರಹ ಹೀಗಿತ್ತು: ‘ನಮ್ಮ ಒಬ್ಬ ಓದುಗರ ಬಗ್ಗೆ ನನ್ನ ವೀಕ್ಷಣೆ.’ ಕಾರ್ಖಾನೆಯ ಕುರ್ಚಿಯಲ್ಲಿ ಕುಳಿತು ಓದುತ್ತ ಹೋದಂತೆ ನನ್ನ ಕಿವಿ ಬಿಸಿಯಾಯಿತು. ‘ಇವರ ಪ್ರಶ್ನೆಗಳು ಊಟದ ಹೊತ್ತಿಗೆ ಮಾತ್ರ ಬರುತ್ತವೆ. ಭಾನುವಾರವೂ ಬರುತ್ತವೆ, ಮಂಗಳವಾರ ಮಾತ್ರ ಬರುವುದಿಲ್ಲ. ನಿವೃತ್ತರಿಗೆ ಮಂಗಳವಾರ ಏನು ಕೆಲಸ?’ ಕರೆಂಟಿನ ಅನುಕೂಲ ನೋಡಿಕೊಂಡು ನಮ್ಮ ಕಾರ್ಖಾನೆಗೆ ವಾರದ ರಜೆ ಇಟ್ಟಿರುವುದು ಮಂಗಳವಾರ. ಮುಂದೆ ಇತ್ತು: ‘ಆದ್ದರಿಂದ ಒಂದು ಪ್ರಯೋಗ ಮಾಡಿದೆ. ಅಮ್ಮನಿಗೆ ಒಂದು ಬಟ್ಟಲು ಒಡೆಯಿತು ಎಂದು ಹೇಳಿದೆ. ಅಪ್ಪನಿಗೆ ಇರುವೆ ಬಿತ್ತು ಎಂದು ಹೇಳಿದೆ. ಎರಡೂ ಸುಳ್ಳು. ಬ್ಲಾಗಿನಲ್ಲಿ ಎರಡನ್ನೂ ಬರೆಯಲಿಲ್ಲ. ಓದುಗರು ಇರುವೆಯ ಬಗ್ಗೆ ಕೇಳಿದರು. ಓದುಗರ ಗುರುತನ್ನು ಬಹಿರಂಗ ಮಾಡುವುದು ಸರಿಯಲ್ಲವೆಂದು ಮಿಸ್ ಹೇಳಿರುವುದರಿಂದ ಫಲಿತಾಂಶವನ್ನು ಇಲ್ಲಿ ಬರೆಯುತ್ತಿಲ್ಲ.’

ಅದರ ಕೆಳಗೆ, ಜ್ವಾಲಾಮುಖಿಯವನೂ ಸೇರಿ, ಇಡೀ ತರಗತಿ ಬಂದು ಯಾರು ಯಾರು ಎಂದು ಕಿರುಚಿತ್ತು. ಅವಳಿಗೆ ಇನ್ನು ಓದುಗರ ಕೊರತೆಯಿಲ್ಲ. ಮೇಷ್ಟ್ರು ನಿವೃತ್ತಿಯಿಂದಲೂ ನಿವೃತ್ತರಾಗಬಹುದು ಎನ್ನಿಸಿ ಖುಷಿಯೂ ಆಯಿತು, ಬೇಸರವೂ ಆಯಿತು. ಕಂಪ್ಯೂಟರ್ ಆರಿಸಲು ಕೈ ಚಾಚಿದೆ. ಅಷ್ಟರಲ್ಲಿ ಎಲ್ಲಕ್ಕಿಂತ ಕೆಳಗೆ ಅವಳೇ ಬರೆದ ಎರಡು ಸಾಲು ಕಂಡವು: ‘ಗುರುಸಿದ್ದಪ್ಪ ಮೇಷ್ಟ್ರೇ, ದಯವಿಟ್ಟು ಪ್ರಶ್ನೆ ಕೇಳೋದು ನಿಲ್ಲಿಸಬೇಡಿ. ಸಂಜೆ ಬರುವಾಗ ಹೆಪ್ಪಿಗೆ ಮೊಸರು ತನ್ನಿ, ಮನೇಲಿದ್ದದ್ದನ್ನ ಅಪ್ಪ ಪೂರ್ತಿ ತಿಂದುಬಿಟ್ಟಿದ್ದಾರೆ.’

ಸುಮ್ಮನೆ ತಂದುಕೊಟ್ಟಿದ್ದರೆ ಆಗುತ್ತಿತ್ತು. ಸುಮ್ಮನಿರುವ ವಿದ್ಯೆ ನನಗೆಲ್ಲಿದೆ? ‘ಪ್ಯಾಕೆಟ್ಟಿನದು ತರಲೋ, ಬೇಕರಿಯವರ ಬಿಡಿ ಮೊಸರು ತರಲೋ? ಯಾವುದು ಒಳ್ಳೆಯದು ಮಗು?’ ಎಂದು ಮೇಷ್ಟ್ರಿಂದ ಕೇಳಿಸಿಬಿಟ್ಟೆ. ಅಂದು ಭಾನುವಾರ, ಅವಳು ಮನೆಯಲ್ಲೇ ಇದ್ದಳು. ಉತ್ತರ ತಕ್ಷಣ ಬಂತು: ‘ಮಾಡಿ ನೋಡದೆ ಹೇಳುವಂತಿಲ್ಲ. ಎರಡೂ ತನ್ನಿ.’