ಶಂಶಾಬಾದಿನ ಕಳ್ಳ

ಎಂಥ ಧೈರ್ಯವಂತರೂ ಯಾವುದಾದರೂ ಒಂದು ಸಣ್ಣ ವಸ್ತುವಿಗೆ ಹೆದರಿಯೇ ಹೆದರುತ್ತಾರೆ ಎಂದು ನಾನು ನಂಬಿದ್ದೇನೆ. ಹಾಗೆ ನಂಬಿದರೆ ನನ್ನನ್ನೂ ಧೈರ್ಯವಂತರ ಸಾಲಿಗೆ ಸೇರಿಸಿಕೊಳ್ಳಬಹುದು ಎಂಬ ಆಸೆ. ನಮ್ಮ ಪಕ್ಕದ ಮನೆಯಲ್ಲಿ ಸೈನ್ಯದಿಂದ ನಿವೃತ್ತರಾದವರೊಬ್ಬರಿದ್ದರು. ಗಡಿಯಲ್ಲಿ ಗುಂಡಿಗೆ ಎದೆಯೊಡ್ಡಿದ ಮನುಷ್ಯ, ಬಚ್ಚಲಲ್ಲಿ ಹಲ್ಲಿ ಕಂಡರೆ ಟವೆಲ್ಲಿನಲ್ಲೇ ಹೊರಗೆ ಓಡಿ ಬರುತ್ತಿದ್ದರು. ನಾನು ಹಲ್ಲಿಗೆ ಹೆದರುವವನಲ್ಲ. ಅಮೀರ್‌ಪೇಟಿನ ಸಂಜೆಯ ಗದ್ದಲದಲ್ಲಿ ವರ್ಷಗಟ್ಟಲೆ ಸ್ಕೂಟರ್ ನುಗ್ಗಿಸಿ ಬದುಕಿ ಉಳಿದವನು. ಅಂಥವನನ್ನು ಹೆದರಿಸಿದ್ದು ಅಂಗೈಯಗಲದ ಫೋನು ಕೇಳಿದ ಒಂದೇ ಒಂದು ಪ್ರಶ್ನೆ.

ಫೋನು ಹೊಸದು. ಅದರಲ್ಲಿ ಇಮೇಲ್ ಹಾಕಿಕೊಳ್ಳಲೇಬೇಕಾದ ಸಂದರ್ಭ ಬಂದಿತ್ತು. ಯಾಕೆಂದರೆ ನಮ್ಮ ಕನ್ನಡ ಬಳಗದವರು ಈ ವರ್ಷದ ಸ್ಮರಣ ಸಂಚಿಕೆಗೆ ನನ್ನನ್ನು ಸಂಪಾದಕನನ್ನಾಗಿ ಮಾಡಿದ್ದರು. ಸಭೆಯಲ್ಲಿ ಎಲ್ಲರೂ ತಲೆ ತಗ್ಗಿಸಿದಾಗ ನಾನೊಬ್ಬ ಸೀಲಿಂಗ್ ಫ್ಯಾನ್ ನೋಡುತ್ತಿದ್ದೆ, ಅಷ್ಟೇ ನನ್ನ ಅರ್ಹತೆ. ಲೇಖನಗಳೆಲ್ಲ ನನ್ನ ಇಮೇಲಿಗೆ ಬಂದು ಬೀಳುತ್ತಿದ್ದವು. ಅವುಗಳಲ್ಲಿ ಸಿಕಂದರಾಬಾದಿನ ರತ್ನಕ್ಕನ ನೆನಪುಗಳೂ ಇದ್ದವು. ರೈಲ್ವೆಯಲ್ಲಿದ್ದ ಗಂಡನ ಹಿಂದೆ ಗದಗಿನಿಂದ ಈ ಊರಿಗೆ ಬಂದು, ಇಲ್ಲೇ ಮುದುಕಿಯಾದ ಹೆಂಗಸು. ಒಂದೇ ಬೆರಳಿನಿಂದ ಮೊಬೈಲಿನಲ್ಲಿ ಒಂದೊಂದೇ ಅಕ್ಷರ ಕುಟ್ಟಿ, ಮಳೆಗಾಲವಿಡೀ ಕೂತು ಬರೆದದ್ದು. ಕಳಿಸಿದ ಮೇಲೆ ಫೋನ್ ಮಾಡಿ, "ನನ್ನ ಫೋನ್ ತುಂಬಿ ಹೋಗಿತ್ತು ತಮ್ಮಾ, ಅದಕ್ಕ ನನ್ನ ಹತ್ರ ಇದ್ದದ್ದು ಎಲ್ಲಾ ಅಳಿಸಿಬಿಟ್ಟೆ. ನಿನ್ನ ಹತ್ರ ಐತಲ್ಲ, ಚಿಂತಿಲ್ಲ" ಎಂದಿದ್ದರು. ಆ "ಚಿಂತಿಲ್ಲ" ಎಂಬ ಮಾತು ಅವತ್ತಿನಿಂದ ನನ್ನ ಎದೆಯ ಮೇಲೆ ಕಲ್ಲಿನಂತೆ ಕೂತಿತ್ತು.

ಶನಿವಾರ ಮಧ್ಯಾಹ್ನ ಸೋಫಾದ ಮೇಲೆ ಕೂತು ಕೆಲಸ ಶುರು ಮಾಡಿದೆ. ಫೋನು ಒಂದೊಂದಾಗಿ ಅನುಮತಿ ಕೇಳತೊಡಗಿತು. ನಿಮ್ಮ ಪರಿಚಯದವರ ಹೆಸರು ನೋಡಲೇ? ಕ್ಯಾಮೆರಾ ತೆರೆಯಲೇ? ನೀವು ಎಲ್ಲಿದ್ದೀರಿ ತಿಳಿಯಲೇ? ಹೆಣ್ಣು ಕೊಡುವವರೂ ನನ್ನನ್ನು ಇಷ್ಟು ವಿಚಾರಿಸಿರಲಿಲ್ಲ. ಬೇಡ ಎಂದರೆ ಎಲ್ಲಿ ಮುನಿಸಿಕೊಂಡೀತೋ ಎಂದು ಎಲ್ಲದಕ್ಕೂ ಹೂಂ ಎಂದೆ. ಕೊನೆಗೆ ಟಿಣ್ ಎಂದು ಸದ್ದಾಗಿ ಹೊಸ ಫೋನಿಗೆ ಮೊದಲ ಪತ್ರ ಬಂತು. ಖುಷಿಯಿಂದ ಬಿಚ್ಚಿದರೆ ಅದರಲ್ಲಿತ್ತು: ನಿಮ್ಮ ಖಾತೆಗೆ ಈಗಷ್ಟೇ ಯಾರೋ ಹೊಸ ಸಾಧನದಿಂದ ಪ್ರವೇಶಿಸಿದ್ದಾರೆ. ಸ್ಥಳ, ಶಂಶಾಬಾದ್. ಇದು ನೀವೇನಾ?

ನಾನು ಶಂಶಾಬಾದಿಗೆ ಹೋಗಿ ವರ್ಷವಾಗಿತ್ತು. ಅಲ್ಲಿರುವುದು ವಿಮಾನ ನಿಲ್ದಾಣ. ಅಂದರೆ ಕಳ್ಳ ಖಾತೆಗೆ ನುಗ್ಗಿ, ರತ್ನಕ್ಕನ ನೆನಪುಗಳನ್ನು ಬಗಲಲ್ಲಿಟ್ಟುಕೊಂಡು ವಿಮಾನ ಹತ್ತಲು ಸಾಲಿನಲ್ಲಿ ನಿಂತಿದ್ದಾನೆ! ಬೆನ್ನಲ್ಲಿ ಬೆವರಿಳಿಯಿತು. "ಅಲ್ಲ, ನಾನಲ್ಲ" ಎಂಬುದನ್ನು ಬೆರಳು ನೋಯುವಂತೆ ಒತ್ತಿದೆ. ಫೋನು ನನ್ನ ಮಾತನ್ನು ಪೂರ್ತಿ ನಂಬಿತು. ಮರುಕ್ಷಣವೇ ನನ್ನನ್ನು ಹೊರಗೆ ಹಾಕಿ ಬಾಗಿಲು ಮುಚ್ಚಿಕೊಂಡಿತು. ಒಳಗೆ ಬರಬೇಕಾದರೆ ಒಂದು ಮೊಬೈಲ್ ನಂಬರಿಗೆ ಕಳಿಸಿದ ಸಂಖ್ಯೆಯನ್ನು ಹೇಳಬೇಕಂತೆ. ಆ ನಂಬರಿನ ಕೊನೆಯ ಎರಡು ಅಂಕಿ ಬಿಟ್ಟು ಉಳಿದದ್ದೆಲ್ಲ ಬರೀ ಚುಕ್ಕಿ. ಆ ಎರಡು ಅಂಕಿ ನನ್ನ ನಂಬರಿನವಲ್ಲ. ಕಳ್ಳ ಆಗಲೇ ತನ್ನ ನಂಬರನ್ನೂ ಸೇರಿಸಿಬಿಟ್ಟಿದ್ದಾನೆ ಎಂದುಕೊಂಡೆ. "ಸಂಖ್ಯೆ ಕಳಿಸಿ" ಎಂಬುದನ್ನೇ ಮತ್ತೆ ಮತ್ತೆ ಒತ್ತಿದೆ. ಬಾಗಿಲು ತೆರೆಯಲಿಲ್ಲ.

"ಯಾಕ್ರೀ ಹಿಂಗ ಬೆವರಾಕತ್ತೀರಿ? ಬಿ.ಪಿ. ಗುಳಿಗಿ ತಗೊಂಡ್ರಿಲ್ಲೋ?" ಎಂದಳು ಹೆಂಡತಿ ಸುವರ್ಣಾ.

"ಏನಿಲ್ಲ, ಸೆಕಿ" ಎಂದೆ. ಹೊರಗೆ ಆಗ ಜನ ಸ್ವೆಟರ್ ಹಾಕಿಕೊಂಡು ಓಡಾಡುತ್ತಿದ್ದರು.

ರಾತ್ರಿ ಊಟ ಸೇರಲಿಲ್ಲ. ಫೋನು ಸದ್ದು ಮಾಡಿದಾಗಲೆಲ್ಲ ರತ್ನಕ್ಕನೇ ಇರಬಹುದೆಂದು ಅದನ್ನು ದಿಂಬಿನಡಿ ತಳ್ಳುತ್ತಿದ್ದೆ. ಬೆಳಿಗ್ಗೆ ಸುವರ್ಣಾಳಿಗೆ ಎಲ್ಲ ಹೇಳಿಬಿಟ್ಟೆ. "ಹಿರೇರು. ಹೋಗಿ ಎದುರಿಗೇ ಹೇಳ್ರಿ. ನಾನೂ ಬರ್ತೀನಿ" ಎಂದಳು. ಮೆಟ್ರೋದಲ್ಲಿ ಕುಳಿತು, ರತ್ನಕ್ಕ ಅತ್ತರೆ ಏನು ಮಾಡಬೇಕು, ಬೈದರೆ ಎತ್ತ ನೋಡಬೇಕು ಎಂದು ಮನಸ್ಸಿನಲ್ಲೇ ಅಭ್ಯಾಸ ಮಾಡುತ್ತ ಸಿಕಂದರಾಬಾದ್ ಮುಟ್ಟಿದೆ.

ರತ್ನಕ್ಕ ಅವಲಕ್ಕಿ ತಂದಿಟ್ಟರು. ನಾನು ತಟ್ಟೆ ಮುಟ್ಟದೆ, ನೆಲ ನೋಡುತ್ತ, ಕಳ್ಳನ ಕಥೆಯನ್ನು ಒಂದೇ ಉಸಿರಿಗೆ ಒಪ್ಪಿಸಿದೆ. ತಲೆಯೆತ್ತಿ ನೋಡಿದರೆ ಮುದುಕಿಯ ಮುಖ ಅರಳಿತ್ತು!

"ನಂದು ಕದ್ದಾರ? ಖರೇನ? ಅಷ್ಟು ಮಂದಿ ಬರದದ್ದು ಬಿಟ್ಟು ನಂದ?"

"ನಿಮ್ದೂ ಹೋಗೇತ್ರಿ" ಎಂದೆ ಸಣ್ಣ ದನಿಯಲ್ಲಿ.

"ಹೋಗಲಿ ಬಿಡು. ಕದ್ದಾಂವ ಓದಿರತಾನಲ್ಲ. ಅವನಿಗೆ ಕನ್ನಡ ಬರತೈತೇನು?"

ಈ ಪ್ರಶ್ನೆಗೆ ನಾನು ಅಭ್ಯಾಸ ಮಾಡಿಕೊಂಡು ಬಂದಿರಲಿಲ್ಲ. ಕೈಗೊಂದು ಕೆಲಸವಿರಲಿ ಎಂದು ಫೋನು ತೆಗೆದು ಇನ್ನೊಮ್ಮೆ ಇಮೇಲಿನ ಬಾಗಿಲು ತಟ್ಟಿದೆ. ಸುವರ್ಣಾಳ ಚೀಲದೊಳಗೆ ಟಿಣ್ ಎಂದಿತು. ಅವಳು ತನ್ನ ಫೋನು ತೆಗೆದು ನೋಡಿ, ಮುಖ ಗಂಟು ಹಾಕಿ, "ಮತ್ತ ಬಂತು ನೋಡ್ರಿ ಹಾಳಾದ್ದು. ನಿನ್ನೆಯಿಂದ ಬರಾಕತ್ತೈತಿ. ಬಂದ್ ಬಂದ್ಹಂಗ ಅಳಿಸಾಕತ್ತೀನಿ" ಎಂದಳು.

"ಏನು ಬರಾಕತ್ತೈತಿ?"

"ಓಟಿಪಿ."

"ಮತ್ತ ನನಗ ಯಾಕ ಹೇಳಲಿಲ್ಲ?"

"ಯಾರಿಗೂ ಹೇಳಬ್ಯಾಡ, ನಾನ ಕೇಳಿದ್ರೂ ಹೇಳಬ್ಯಾಡ ಅಂತ ನೀವ ಅಲ್ಲೇನ್ರಿ ಅಂದಿದ್ದು?"

ಅಂದಿದ್ದೆ. ಆ ಎರಡು ಅಂಕಿ ನನ್ನ ಹೆಂಡತಿಯ ನಂಬರಿನವು, ಖಾತೆ ತೆರೆಯುವಾಗ ನಾನೇ ಕೊಟ್ಟದ್ದು. ಫೋನಿನಲ್ಲಿ ಅವಳ ಹೆಸರು ಒತ್ತಿ ಮಾತಾಡುವುದು ಬಿಟ್ಟರೆ ಆ ನಂಬರನ್ನು ನಾನು ಕಣ್ಣೆತ್ತಿ ನೋಡಿ ಎಷ್ಟು ವರ್ಷವಾಯಿತೋ! ಸಂಖ್ಯೆ ಹಾಕಿದೊಡನೆ ಬಾಗಿಲು ತೆರೆಯಿತು. ಲೇಖನಗಳೆಲ್ಲ ಇದ್ದಲ್ಲೇ ಇದ್ದವು. ಶಂಶಾಬಾದಿನಿಂದ ನುಗ್ಗಿದವನ ವಿವರವೂ ಇತ್ತು. ಸುವರ್ಣಾ ಇಣುಕಿ ನೋಡಿ, "ಇದು ನಿಮ್ಮ ಫೋನಿನ ಹೆಸರ ಅಲ್ಲೇನ್ರಿ? ಡಬ್ಬಿ ಮ್ಯಾಲೂ ಹಿಂಗ ಐತಿ. ಊರು ತಪ್ಪು ಬಿದ್ದೈತಿ, ಕಳ್ಳ ನೀವ" ಎಂದು ತೀರ್ಪು ಕೊಟ್ಟಳು.

ನನ್ನ ಎದೆಯಿಂದ ಕಲ್ಲು ಇಳಿಯಿತು. ಅವಲಕ್ಕಿಗೆ ಕೈ ಹಾಕಿದೆ. ಆದರೆ ರತ್ನಕ್ಕನ ಮುಖ ಬಾಡಿತ್ತು.

"ಹಂಗಾರ ಕಳ್ಳ ಇಲ್ಲ. ಯಾರೂ ಓದಿಲ್ಲ ಅಂದಂಗಾತು" ಎಂದು ನಿಟ್ಟುಸಿರಿಟ್ಟು, ಆಮೇಲೆ ನನ್ನ ಕಡೆ ತಿರುಗಿದರು. "ಇರಲಿ, ನೀ ಓದೀಯಲ್ಲ ತಮ್ಮಾ. ಕಡೀಕ ನಾ ಯಾಕ ಅತ್ತೆ, ಹೇಳು?"

ಓದಿದ್ದರೆ ತಾನೇ ಹೇಳುವುದು! ನಿನ್ನೆಯಿಂದ ಪಟ್ಟ ಭಯವೆಲ್ಲ ಒಂದು ಕಡೆ, ಆ ಕ್ಷಣದ ಭಯ ಒಂದು ಕಡೆ. ಸುವರ್ಣಾ ಸಹಾಯಕ್ಕೆ ಬರದೆ ಗೋಡೆಯ ಕ್ಯಾಲೆಂಡರ್ ಓದತೊಡಗಿದಳು. ನಾನು ರತ್ನಕ್ಕನ ನೆನಪುಗಳನ್ನು ತೆರೆದು, ಅವರೆದುರಿಗೇ, ಮೊದಲ ಸಾಲಿನಿಂದ ಓದಿದೆ. ಹೊಸದಾಗಿ ಬಂದ ಹುಡುಗಿ, ತೆಲುಗೂ ಬಾರದು, ಹಿಂದಿಯೂ ಬಾರದು. ಗಂಡ ಡ್ಯೂಟಿಗೆ ಹೋದರೆ ಮಾತಾಡಲು ಗೋಡೆಯೇ ಗತಿ. ತಿಂಗಳುಗಳ ಮೇಲೆ ಒಂದು ದಿನ ತರಕಾರಿ ಸಂತೆಯಲ್ಲಿ ಯಾರೋ ಹೆಂಗಸು, "ಏ ಮೂಳಾ, ನಿಂದರ್ತೀಯೋ ಇಲ್ಲೋ?" ಎಂದು ತನ್ನ ಮಗನನ್ನು ಬೈದದ್ದು ಕಿವಿಗೆ ಬಿತ್ತಂತೆ. ಹುಡುಗಿ ಬದನೆಕಾಯಿ ಬುಟ್ಟಿಯ ಮುಂದೆ ನಿಂತು ಗೊಳೋ ಎಂದು ಅತ್ತುಬಿಟ್ಟಳಂತೆ.

ಕನ್ನಡಕ ಒರೆಸಿಕೊಂಡು, "ಬೈಗುಳ ಕೇಳಿ ಅತ್ರಿ" ಎಂದೆ.

"ಹೂಂ" ಎಂದರು ರತ್ನಕ್ಕ, ನನ್ನ ತಟ್ಟೆಗೆ ಇನ್ನಷ್ಟು ಅವಲಕ್ಕಿ ಹಾಕುತ್ತ. "ಕಳ್ಳ ಆಗಿದ್ರ ನಿನ್ನೆ ರಾತ್ರೀನ ಓದಿರತಿದ್ದ."