ಟೈಲರಮ್ಮನ ಹಲ್ಲು ಗುಣವಾದದ್ದು

ದಂತ ಆಸ್ಪತ್ರೆಯಲ್ಲಿ ವಸಡಿನ ರೋಗವನ್ನು ಕಣ್ಣಿನಿಂದ ನೋಡಿ ಪತ್ತೆಹಚ್ಚುವುದನ್ನು ಒಂದನೇ ತಾರೀಖಿನಿಂದ ನಿಷೇಧಿಸಲಾಗಿತ್ತು. ಎರಡನೇ ಮಹಡಿಗೆ ಹೊಸ ಯಂತ್ರ ಬಂದಿತ್ತು. ವಸಡಿನ ಸಂದಿಯಲ್ಲಿ ಅದ್ದಿ ತೆಗೆದ ಕಾಗದದ ಕಡ್ಡಿಯೊಂದನ್ನು ಕೊಟ್ಟರೆ ಸಾಕು, ಅಲ್ಲಿ ಯಾವ ಕ್ರಿಮಿ ಮನೆ ಮಾಡಿದೆ ಎಂದು ಅದರ ಡಿಎನ್‌ಎ ಹಿಡಿದು ಹೇಳಿಬಿಡುತ್ತಿತ್ತು. ಯಂತ್ರವಿರುವಾಗ ಕಣ್ಣಿಗೇನು ಕೆಲಸ ಎಂದು ಮೇಲಧಿಕಾರಿಗಳು ಕೇಳಿದ್ದರು.

ಟೈಲರಮ್ಮನಿಗೆ ಇದೊಂದೂ ಗೊತ್ತಿರಲಿಲ್ಲ. ಮೂವತ್ತು ವರ್ಷದಿಂದ ದಾರ ಕಚ್ಚಿ ತುಂಡು ಮಾಡುತ್ತಿದ್ದ ಮುಂದಿನ ಹಲ್ಲು ಅಲ್ಲಾಡುತ್ತಿತ್ತು, ವಸಡಿನಲ್ಲಿ ರಕ್ತ ಬರುತ್ತಿತ್ತು. ಬೇರೆಯವರು ಕತ್ತರಿ ಹುಡುಕುವಷ್ಟರಲ್ಲಿ ಗುಂಡಿಯ ಒಂದು ಕಾಜ ಹೊಲಿದು ಮುಗಿಸುವ ಹೆಂಗಸು. ಆ ಹಲ್ಲೊಂದು ಉಳಿದರೆ ಸಾಕು ಅಂತ ಬಂದಿದ್ದರು.

ಡಾಕ್ಟರು ಗೋಡೆಯ ಕಡೆ ಮುಖ ಮಾಡಿಕೊಂಡೇ ಮಾತಾಡಿಸಿದರು.

"ಒಂದ್ಸಲ ನೋಡಿ ಡಾಕ್ಟ್ರೇ."

"ನೋಡೋ ಹಾಗಿಲ್ಲಮ್ಮ. ಬರ್ತಾ ನಕ್ಕಿರಲ್ಲ, ಆಗ ಕಣ್ಣಿಗೆ ಬಿತ್ತು. ಈ ವಾರ ಕ್ಲೀನ್ ಮಾಡಿದ್ರೆ ಹಲ್ಲು ಉಳಿಯುತ್ತೆ. ಇದನ್ನ ನಾನು ಹೇಳಿಲ್ಲ."

"ಹಾಗಾದ್ರೆ ಮಾಡಿಬಿಡಿ."

"ರಿಪೋರ್ಟ್ ಬರೋ ತನಕ ನಿಮಗೆ ರೋಗಾನೇ ಇಲ್ಲ. ಇಲ್ಲದ ರೋಗಕ್ಕೆ ಏನಂತ ಔಷಧಿ ಕೊಡ್ಲಿ?"

ಕಡ್ಡಿ ಅದ್ದುವ ದಿನ ಮೂರು ವಾರದ ನಂತರ ಸಿಕ್ಕಿತು. ಜೊತೆಗೊಂದು ಚೀಟಿ: "ಮಾದರಿ ನೀಡುವವರೆಗೆ ರೋಗಿಯು ಹಲ್ಲುಜ್ಜತಕ್ಕದ್ದಲ್ಲ. ಬಾಯಿ ಮುಕ್ಕಳಿಸುವುದನ್ನು ಸಾಕ್ಷ್ಯನಾಶವೆಂದು ಪರಿಗಣಿಸಲಾಗುವುದು. ಕ್ರಿಮಿಗಳಿಗೆ ತೊಂದರೆಯಾದಲ್ಲಿ ರೋಗಿಯೇ ಹೊಣೆ."

ಟೈಲರಮ್ಮ ಚೀಟಿಗೆ ತಲೆಬಾಗಿದರು. ಗಿರಾಕಿಗಳು ಹೊಸ್ತಿಲಾಚೆ ನಿಂತೇ ಅಳತೆ ಹೇಳತೊಡಗಿದರು. "ಅತ್ತೆ, ನನಗೇನಾದ್ರೂ ಹೇಳೋದಿದ್ರೆ ಬರೆದುಕೊಡಿ" ಎಂದಳು ಸೊಸೆ.

ಮಾದರಿ ಕೊಟ್ಟು ಎಂಟು ದಿನಕ್ಕೆ ವರದಿ ಬರುವುದಿತ್ತು. ಆ ದಿನ ಬೆಳಿಗ್ಗೆ ಅಂಗಿಯ ಕಾಲರಿನ ದಾರ ಕಚ್ಚಿದಾಗ ಹಲ್ಲು ಕಿತ್ತು ಕೈಗೆ ಬಂತು. ಟೈಲರಮ್ಮನಿಗೆ ಅಳು ಬಂತು. ಅತ್ತು, ಮುಖ ಒರೆಸಿಕೊಂಡು, ಹಲ್ಲನ್ನು ಗುಂಡಿ ಡಬ್ಬಿಯಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಹೊರಟರು.

"ರೋಗ ಖಚಿತ. ಮುಂದಿನ ಹಲ್ಲಿಗೆ ತಕ್ಷಣ ಚಿಕಿತ್ಸೆ ನೀಡತಕ್ಕದ್ದು" ಎಂದು ಗುಮಾಸ್ತರು ವರದಿ ಓದಿದರು. "ಹಲ್ಲೆಲ್ಲಿ?"

ಟೈಲರಮ್ಮ ಡಬ್ಬಿ ತೆರೆದು ತೋರಿಸಿದರು.

"ತಂದಿದ್ದೀರಲ್ಲ, ಸಾಕು. ಬಾಯಲ್ಲೇ ಇರಬೇಕು ಅಂತ ಆದೇಶದಲ್ಲಿಲ್ಲ."

ವರದಿ ಬಂದಿದ್ದರಿಂದ ಡಾಕ್ಟರಿಗೆ ಈಗ ನೋಡಲು ಅಡ್ಡಿಯಿರಲಿಲ್ಲ. ಹಲ್ಲನ್ನು ಕುರ್ಚಿಯ ಮೇಲಿಟ್ಟು, ದೀಪ ಹಾಕಿ, ಕಾಲು ಗಂಟೆ ಮನಸ್ಸಿಟ್ಟು ಸ್ವಚ್ಛ ಮಾಡಿದರು. ಟೈಲರಮ್ಮ ಪಕ್ಕದಲ್ಲಿ ನಿಂತಿದ್ದರು. ಮರುಪರೀಕ್ಷೆಯಲ್ಲಿ ಒಂದು ಕ್ರಿಮಿಯೂ ಸಿಗಲಿಲ್ಲ. ಯಂತ್ರ ಬಂದ ಮೇಲೆ ಸಂಪೂರ್ಣ ಗುಣಮುಖವಾದ ಮೊದಲ ಹಲ್ಲು ಅದು. ಅದರ ಫೋಟೋ ಎರಡನೇ ಮಹಡಿಯಲ್ಲಿದೆ.

"ಇನ್ನು ದಾರ ಹೇಗೆ ಕಚ್ಚಲಿ ಡಾಕ್ಟ್ರೇ?"

"ಕಚ್ಚೋದೆಲ್ಲ ಬೇಡಮ್ಮ. ಗುಣ ಆಗಿರೋ ಹಲ್ಲು, ಹಾಳಾಗುತ್ತೆ."

ಆರು ತಿಂಗಳಿಗೊಮ್ಮೆ ಹಲ್ಲು ತಪಾಸಣೆಗೆ ಹಾಜರಾಗಬೇಕು. ಈ ಸಲ ಟೈಲರಮ್ಮನಿಗೆ ಕೈತುಂಬ ಕೆಲಸವಿದ್ದುದರಿಂದ ಸೊಸೆಯೇ ಡಬ್ಬಿ ಒಯ್ದಳು. ಟೋಕನ್ ಹಲ್ಲಿನ ಹೆಸರಿನಲ್ಲೇ ಇತ್ತು, ಯಾರೂ ಏನೂ ಕೇಳಲಿಲ್ಲ.

"ಹಲ್ಲು ಚೆನ್ನಾಗಿದೆಯಂತೆ ಅತ್ತೆ. ಅದರ ಪಕ್ಕದ ಹಲ್ಲೂ ಅಲ್ಲಾಡ್ತಿದೆ ಅಂದೆ, ಅದಕ್ಕೂ ಚೀಟಿ ಕೊಟ್ಟಿದ್ದಾರೆ."

ಟೈಲರಮ್ಮ ಚೀಟಿ ಓದಿದರು. ಬ್ರಶ್ಶನ್ನು ಕಪಾಟಿನ ಮೇಲೆ ಎತ್ತಿಟ್ಟು, ಇನ್ನೊಂದು ಗುಂಡಿ ಡಬ್ಬಿ ಖಾಲಿ ಮಾಡತೊಡಗಿದರು.